ಸಾಲಿನ ಕೊನೆಯಲ್ಲಿ ಕೆಂಚಿ

ಬೆಲ್ಲ ಹುಡುಕಿ ಹೊರಟ ಇರುವೆಗಳ ಸಾಲು ಒರಳುಕಲ್ಲನ್ನು ಸುತ್ತುತ್ತಲೇ ಇತ್ತು. ಮುಂದಿನವರ ಜಾಡು ಬಿಡಬಾರದೆಂಬುದು ಅವುಗಳ ಕುಲದ ನೇಮ. ಮೊದಲು ದಾಟಿದ್ದ ಬಿರುಕೇ ಮತ್ತೆ ಮತ್ತೆ ಎದುರಾದಾಗ, ಸಾಲಿನ ಕೊನೆಯಲ್ಲಿದ್ದ ಕೆಂಚಿಗೆ ಅನುಮಾನ ಬಂತು. ಆದರೆ ಸಾಲು ನಡೆಸುವ ದೊಡ್ಡಮ್ಮನಿಗೆ ತಿಳಿಯದ್ದು ತನಗೇನು ತಿಳಿದೀತು ಎಂದು ಬಾಯಿ ಬಿಡಲಿಲ್ಲ. ಕೊನೆಗೆ ಹೊಟ್ಟೆ ತಾಳ ಹಾಕತೊಡಗಿತು. ಬೈದರೆ ಬೈಯಲಿ ಎಂದು ನಿಂತೇಬಿಟ್ಟಳು.

"ದೊಡ್ಡಮ್ಮಾ, ನಾವು ಸುತ್ತಿದಲ್ಲೇ ಸುತ್ತುತ್ತಿದ್ದೇವೆ," ಎಂದು ಮುಂದಕ್ಕೆ ಕೂಗಿದಳು.

ಉತ್ತರ ಬಂದದ್ದು ಬೆನ್ನ ಹಿಂದಿನಿಂದ. ತಿರುಗಿದರೆ, ಏದುಸಿರು ಬಿಡುತ್ತ ದೊಡ್ಡಮ್ಮ.

"ಸದ್ಯ, ಈಗಲಾದರೂ ಹೇಳಿದೆಯಲ್ಲ. ಮುಂದೆ ಹೋಗುತ್ತಿರುವ ನಿನಗೆ ದಾರಿ ಗೊತ್ತಿರಬೇಕು ಅಂತ ನಾನೂ ಸುಮ್ಮನೆ ಹಿಂದೆ ಬರುತ್ತಿದ್ದೆ."