ಕಡಲೆಕಾಳಿನಷ್ಟು ಜೆಲ್

ಹಾಲಪ್ಪಜ್ಜನ ಬಳಿ ವಿದ್ಯೆ ಕಲಿಯಲು ಬಂದ ನೀಲಾಂಬಿಕೆಗೆ ಮೊದಲ ಒಂದು ತಿಂಗಳು ಸಿಕ್ಕಿದ್ದು ಒರೆಸುವ ಕೆಲಸ ಮಾತ್ರ.

ಹೊಳೆದಂಡೆಯ ಆಶ್ರಮದಲ್ಲಿ ಎರಡು ಕೋಣೆಯ ದವಾಖಾನೆ. ಅದರಲ್ಲೊಂದು ಮಂಚ, ಮಂಚದ ಪಕ್ಕ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಇಸಿಜಿ ಯಂತ್ರ. ಅಜ್ಜ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ಜನರ ಎದೆಗೆ, ಬಡಿತವನ್ನು ಯಂತ್ರಕ್ಕೆ ಮುಟ್ಟಿಸುವ ಜೆಲ್ ಹಚ್ಚಿ, ಈ ಯಂತ್ರದ ಲೋಹದ ಬಟ್ಟಲು ಅಂಟಿಸಿ ಬಂದವನು. ಈಗ ಅವನ ಕೈ ನಡುಗುತ್ತದೆ. ಅದಕ್ಕೇ ಈ ಶಿಷ್ಯೆ.

"ಅಜ್ಜಾರ, ನಾ ಮಶೀನಿಗೆ ಕೈ ಹಚ್ಚೂದು ಯಾವಾಗ?"

"ಬಟ್ಟಲಾ ಒರೆಸಿದೇನು?"

"ಒರೆಸೀನ್ರಿ."

"ಅಂಚಿನ್ಯಾಗ ಒಣಗಿದ ಜೆಲ್ ಐತಿ ನೋಡು. ನಿನ್ನಿ ಮಂದಿದು ಇವತ್ತಿನ ಮಂದಿಗೆ ಹತ್ತಬಾರದು."

ನೀಲಾ ಮತ್ತೆ ಒರೆಸಿದಳು. ಮನಸ್ಸಿನಲ್ಲಿ ಮುದುಕನನ್ನು ಎರಡು ಮಾತು ಬೈದುಕೊಂಡಳು ಕೂಡ.

ಒಂದು ಬೆಳಿಗ್ಗೆ ಹರಿಗೋಲಿನ ದುರುಗಪ್ಪ ಬಂದ. ಆಚೆ ದಂಡೆಯಿಂದ ಈಚೆಗೆ ಜನರನ್ನು ದಾಟಿಸುವುದೇ ಅವನ ಬದುಕು. ಎರಡು ತಿಂಗಳ ಹಿಂದೆ ನಡುಹೊಳೆಯಲ್ಲಿ ಎದೆ ಹಿಡಿದು, ತಲೆ ತಿರುಗಿ ಕೂತುಬಿಟ್ಟಿದ್ದ. ಅಂದಿನಿಂದ ಡಾಕ್ಟರು ಹುಟ್ಟು ಮುಟ್ಟಬೇಡ ಎಂದಿದ್ದರು. ಇವತ್ತಿನ ಇಸಿಜಿ ಪಟ್ಟಿ ನೋಡಿ ಅವನು ಹೊಳೆಗೋ ದಂಡೆಗೋ ಎಂದು ತೀರ್ಮಾನ ಹೇಳುವವರಿದ್ದರು.

ಡಾಕ್ಟರು ಬರುವುದು ಆಚೆ ದಂಡೆಯಿಂದ, ಅದೂ ದುರುಗಪ್ಪನದೇ ಹರಿಗೋಲಿನಲ್ಲಿ. ಈಗ ಹುಟ್ಟು ಹಾಕುವವಳು ಅವನ ಹೆಂಡತಿ ರುದ್ರವ್ವ.

"ಅಕಿ ಎಡಕ್ಕ ಜಾಸ್ತಿ ಹೊಡೀತಾಳ್ರಿ," ಎಂದ ದುರುಗಪ್ಪ ಸಂಕಟದಿಂದ. "ಡಾಕ್ಟರು ಬರೂದ್ರಾಗ ನಡುವ ಎರಡು ಸುತ್ತು ತಿರುಗಿರ್ತಾರ."

ಅಜ್ಜ ನೀಲಾಳ ಕಡೆ ನೋಡಿ ಹೇಳಿದ, "ಇವತ್ತು ನೀನ ಮಾಡು."

ಖುಷಿಗೆ ನೀಲಾಳ ಕಾಲು ನೆಲಕ್ಕೆ ತಾಕಲಿಲ್ಲ.

ದುರುಗಪ್ಪ ಅಂಗಿ ಬಿಚ್ಚಿದ. ದೊಡ್ಡ ದಿನವೆಂದು ಮಿಂದು, ಎದೆತುಂಬ ಕುಸುಬಿ ಎಣ್ಣೆ ತಿಕ್ಕಿಕೊಂಡು, ಹೆಣ್ಣು ನೋಡಲು ಹೊರಟವನಂತೆ ಮಿರಮಿರ ಮಿಂಚುತ್ತಿದ್ದ. ಅಜ್ಜ ಮಾಡುವುದನ್ನು ತಿಂಗಳಿಡೀ ನೋಡಿದ್ದ ನೀಲಾ ಕೈಕಾಲಿಗೆ ಕ್ಲಿಪ್ಪು ಸಿಕ್ಕಿಸಿ, ಎದೆಗೆ ಆರು ಬಟ್ಟಲು ಒತ್ತಿದಳು. ಒಂದನ್ನು ಒತ್ತಿದರೆ ಇನ್ನೊಂದು ಪುಸ್ಸೆಂದು ಜಾರಿತು. ಹೇಗೋ ಹಿಡಿದು ಗುಂಡಿ ಅದುಮಿದಳು. ಕಾಗದದ ಮೇಲೆ ಕೋಳಿ ಕೆದರಿದಂಥ ಗೆರೆಗಳು ಬಂದವು.

ಅಜ್ಜ ಯಂತ್ರದಿಂದ ಕಾಗದ ಹರಿದುಕೊಂಡು, ಮಡಚಿ, ಜೇಬಿಗೆ ಹಾಕಿಕೊಂಡ.

ಜೆಲ್ ಕಡಿಮೆಯಾಯಿತು ಎಂದುಕೊಂಡಳು ನೀಲಾ. ಟ್ಯೂಬನ್ನು ಹಿಂಡಿ ಈ ಕಡೆಯ ಪಕ್ಕೆಯಿಂದ ಆ ಕಡೆಯ ಪಕ್ಕೆಯವರೆಗೆ ಧಾರಾಳವಾಗಿ ಬಳಿದಳು.

"ತಣ್ಣಗ ಭಾಳ ಹಿತ ಆತು ತಂಗೀ," ಎಂದ ದುರುಗಪ್ಪ.

ಬಟ್ಟಲುಗಳು ಗಟ್ಟಿಯಾಗಿ ಕೂತವು. ಈ ಸಲ ಗೆರೆಗಳು ನಯವಾಗಿ ಬಂದವು. ನೀಲಾ ಖುಷಿಯಿಂದ ಕೂಗಿಯೇಬಿಟ್ಟಳು.

"ನೋಡ್ರಿ ಅಜ್ಜಾರ! ಎದಿ ಮ್ಯಾಲಿನ ಆರೂ ಗೆರಿ ಎಷ್ಟು ಒಂದ ಸಮ ಬಂದಾವ!"

"ಅದಕ್ಕ ನನಗ ಅಂಜಿಕಿ," ಎಂದ ಅಜ್ಜ. "ಆರು ಕಡೆ ಕಿವಿ ಇಟ್ಟೀವಿ. ಆರು ಕಡೆನೂ ಒಂದ ಮಾತು ಕೇಳಿದ್ರ, ಅದು ಯಾರ ಮಾತು?"

"ಇವರದ ಅಲ್ಲೇನ್ರಿ?"

ಅಜ್ಜ ಆ ಕಾಗದವನ್ನೂ ಮಡಚಿ ಜೇಬಿಗೆ ಹಾಕಿದ. "ಒಂದು ಕೊಡ ತಗೊಂಡು ಹೊಳಿಗೆ ಬಾ."

"ಅಜ್ಜಾರ, ಆಚಿ ದಂಡಿಯಿಂದ ಹರಿಗೋಲು ಬಿಡೂ ಹೊತ್ತಾತು!"

"ರುದ್ರವ್ವ ಎರಡು ಸುತ್ತು ತಿರುಗ್ತಾಳ. ಬಾ."

ನೀರಂಚಿನಿಂದ ದಂಡೆಯ ಕಡೆಗೆ ಮರಳಿನಲ್ಲಿ ಸಾಲಾಗಿ ಆರು ಒರತೆ ತೋಡಲು ಹೇಳಿದ ಅಜ್ಜ. ನೀಲಾ ಮಂಡಿಯೂರಿ ಎರಡೂ ಕೈಯಿಂದ ತೋಡಿದಳು. ಮೊದಲನೆಯದರಲ್ಲಿ ತಿಳಿನೀರು ಜಿನುಗಿ ತುಂಬಿತು. ಮೂರನೆಯದು ಕೆಸರು. ಆರನೆಯದರ ತಳ ಬರೀ ತೇವ.

"ಬತ್ತಿದ್ದು ಯಾವುದು?"

"ಕಡೀದು."

"ಈಗ ಕೊಡ ತುಂಬಿ ಎಲ್ಲಾದರ ಮ್ಯಾಲೂ ಸುರುವು. ಧಾರಾಳವಾಗಿ."

ಸುರಿದಳು. ನಡುವಿನ ಮರಳಿನ ದಿಬ್ಬಗಳು ಕರಗಿ ಆರೂ ಸೇರಿ ಒಂದೇ ಹೊಂಡವಾಯಿತು.

"ಈಗ ತೋರಿಸು, ಬತ್ತಿದ್ದು ಯಾವುದು?"

ನೀಲಾ ಹೊಂಡವನ್ನೇ ನೋಡುತ್ತ ನಿಂತಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ನಗುತ್ತ, ಲಂಗದ ಮರಳನ್ನೂ ಕೊಡವಿಕೊಳ್ಳದೆ ಓಡಿದಳು.

"ಕೊಡ!" ಎಂದು ಅಜ್ಜ ಹಿಂದಿನಿಂದ ಕೂಗಿದ. "ಕೊಡ ಬಿಟ್ಟು ಹೊಂಟೀಯಲ್ಲ!"

ಅವಳು ಬಿಸಿನೀರು, ಸಾಬೂನು ತಂದು ದುರುಗಪ್ಪನ ಎದೆಯ ಜೆಲ್ಲು, ಎಣ್ಣೆ ಎಲ್ಲ ತೊಳೆದಳು. ಒಣ ಬಟ್ಟೆಯಿಂದ ಒರೆಸಿದಳು. ಬಟ್ಟಲು ಕೂರುವ ಆರು ಜಾಗವನ್ನು ಮಾತ್ರ ಒರಟು ಅರಿವೆಯಿಂದ ಮೆಲ್ಲಗೆ ಉಜ್ಜಿದಳು. ಒಂದೊಂದು ಬಟ್ಟಲಿಗೆ ಕಡಲೆಕಾಳಿನಷ್ಟೇ ಜೆಲ್ಲು. ಬಟ್ಟಲು ಬಟ್ಟಲಿನ ನಡುವೆ ಒಣ ಚರ್ಮ ಬಿಟ್ಟಳು.

"ಕಚಗುಳಿ ಆಗ್ತೈತಿ ತಂಗೀ."

"ಆಗ್ಲಿ. ಮಾತಾಡಬ್ಯಾಡ್ರಿ."

ಯಂತ್ರದ ಪುಟ್ಟ ಪರದೆಯ ಮೇಲೆ ಆರು ಗೆರೆ ಮೂಡಿದವು. ಒಂದರಂತೆ ಒಂದಿಲ್ಲ. ನೀಲಾಗೆ ಕುಣಿಯುವಂತಾಯಿತು. ಆದರೆ ಗೆರೆಗಳೆಲ್ಲ ಸಣ್ಣಗೆ ನಡುಗುತ್ತಿದ್ದವು.

ಬಟ್ಟಲು ಮುಟ್ಟಿ ನೋಡಿದಳು, ಸರಿಯಾಗಿತ್ತು. ವೈರು ನೋಡಿದಳು, ಅದೂ ಸರಿಯಾಗಿತ್ತು. ಆಮೇಲೆ ದುರುಗಪ್ಪನನ್ನು ನೋಡಿದಳು. ಅವನು ಎರಡೂ ಮುಷ್ಟಿ ಬಿಗಿಹಿಡಿದು, ಕತ್ತು ಹೊರಳಿಸಿ ಕಿಟಕಿಯಾಚೆ ನೋಡುತ್ತಿದ್ದ. ನಡುಹೊಳೆಯಲ್ಲಿ ಅವನ ಹರಿಗೋಲು ಗಿರಕಿ ಹೊಡೆಯುತ್ತಿತ್ತು.

ಅಷ್ಟರಲ್ಲಿ ಅಜ್ಜ ಕೊಡ ಹೊತ್ತು ಬಾಗಿಲಿಗೆ ಬಂದಿದ್ದ. ನೀಲಾ ಅವನ ಮುಖ ನೋಡಿದಳು. ಅವನು ಕೊಡದ ತಳದ ಮರಳು ಒರೆಸುವುದರಲ್ಲೇ ಮುಳುಗಿದ್ದ. ಈ ಮುದುಕನಿಂದ ಏನೂ ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಕಾಕಾ, ನಡುಹೊಳ್ಯಾಗ ನಿಮಗ ದಣಿವಾದ್ರ ಹುಟ್ಟು ಏನ್ ಮಾಡ್ತೀರಿ?"

"ಒಳಗ ಇಟ್ಟುಬಿಡ್ತೇನಿ. ಸ್ವಲ್ಪ ಹೊತ್ತು ಹೊಳಿ ಒಯ್ದಂಗ ಹೋಗೂದು."

"ಹಂಗಿದ್ರ ಈಗ ಇಡ್ರಿ."

ದುರುಗಪ್ಪ ಅವಳನ್ನು ನೋಡಿದ. ಕಣ್ಣು ಮುಚ್ಚಿದ. ಒಂದು ಉಸಿರು, ಎರಡು ಉಸಿರು. ಮುಷ್ಟಿಗಳು ತೆರೆದು ಬೆರಳು ಸಡಿಲಾದವು. ಪರದೆಯ ಮೇಲಿನ ನಡುಕ ತೆಳುವಾಗುತ್ತ ಹೋಗಿ ನಿಂತೇಹೋಯಿತು. ಉಳಿದದ್ದು ಅವನ ಎದೆಬಡಿತವೊಂದೇ.

ನೀಲಾ ಗುಂಡಿ ಅದುಮಿದಳು. ಪಟ್ಟಿ ಸರಸರನೆ ಹೊರಬರುವಾಗ ಅವಳ ಕಣ್ಣಲ್ಲಿ ನೀರು ಬಂತು. ಇಷ್ಟು ಸಂತೋಷ ಅವಳಿಗೆ ಆ ತಿಂಗಳಲ್ಲಿ ಆಗಿರಲಿಲ್ಲ.

ಡಾಕ್ಟರು ಮೊಣಕಾಲವರೆಗೆ ತೊಯ್ದು ಒಳಗೆ ಬಂದರು. ಹಿಂದೆ ರುದ್ರವ್ವ, ಹೆಗಲ ಮೇಲೆ ಹುಟ್ಟು. ಡಾಕ್ಟರು ಪಟ್ಟಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಹಿಂದಿನ ಸಲ ಇಲ್ಲಿ, ಈ ನಾಲ್ಕನೇ ಗೆರೆ ಒಂದೇ ಕೆಳಗೆ ಬಾಗಿತ್ತು," ಎಂದರು. "ಈಗ ನೆಟ್ಟಗಾಗಿದೆ. ದುರುಗಪ್ಪ, ದಿನಕ್ಕೆ ನಾಲ್ಕೇ ಸಲ ದಾಟಿಸು. ಐದು ಅಂತ ಕೇಳಿದರೆ ಹುಟ್ಟು ನಾನು ಇಟ್ಟುಕೊಳ್ಳುತ್ತೇನೆ."

ದುರುಗಪ್ಪ ಮಂಚದಿಂದ ಹಾರಿದ. ವೈರು ಬಿಚ್ಚಿದ್ದರೂ ಕೊನೆಯ ಬಟ್ಟಲು ಇನ್ನೂ ಅವನ ಎದೆಯಲ್ಲೇ ಇತ್ತು. ನೀಲಾ ಅಟ್ಟಿಸಿಕೊಂಡು ಹೋಗಿ ಬಾಗಿಲಲ್ಲಿ ಅದನ್ನು ಕಿತ್ತುಕೊಂಡಳು. ಅವನು ಹೆಂಡತಿಯ ಹೆಗಲಿಂದ ಹುಟ್ಟು ಎಳೆದುಕೊಂಡು, ಅಂಗಿಯಿಲ್ಲದೆಯೇ ಹೊಳೆಗೆ ಇಳಿದ. ರುದ್ರವ್ವ ಅವನ ಅಂಗಿ ಹಿಡಿದು ಹಿಂದೆಯೇ ಹೋಗಿ ಹರಿಗೋಲಿನಲ್ಲಿ ಎದುರಿಗೆ ಕೂತಳು.

ದಂಡೆಯವರೆಗೂ ಅವಳ ದನಿ ಕೇಳುತ್ತಿತ್ತು. "ಬಲಕ್ಕ ಜಾಸ್ತಿ ಹೊಡಿಬ್ಯಾಡ! ಎರಡು ತಿಂಗಳಾಗ ಎಲ್ಲಾ ಮರ್ತೀ!"

ಡಾಕ್ಟರು ಪಕ್ಕದ ಕೋಣೆಗೆ ಹೋದ ಮೇಲೆ ನೀಲಾ ಯಂತ್ರದಿಂದ ಅದೇ ಪಟ್ಟಿಯ ಇನ್ನೊಂದು ಪ್ರತಿ ತೆಗೆದಳು. ಎರಡೂ ಕೈಯಲ್ಲಿ ಹಿಡಿದು ಅಜ್ಜನ ಮುಂದೆ ನಿಂತಳು.

"ಅಜ್ಜಾರ, ಇದು ನನ್ನ ಮೊದಲನೇ ಪಟ್ಟಿ. ಗೋಡಿಗೆ ಹಚ್ಚಲೇನ್ರಿ?"

ಅಜ್ಜ ಜೇಬಿಗೆ ಕೈಹಾಕಿ, ಮಡಚಿಟ್ಟಿದ್ದ ಎರಡು ಕಾಗದ ತೆಗೆದು, ನಡುಗುವ ಬೆರಳಿಂದ ಬಿಡಿಸಿ ಅವಳ ಅಂಗೈ ಮೇಲಿಟ್ಟ.

"ನಿನ್ನವು ಹಚ್ಚೂದಾದ್ರ ಇವು ಎರಡನ್ನ ಹಚ್ಚು. ಅದ್ರಾಗಿನ ಮಾತು ದುರುಗಪ್ಪಂದು."