ಹೆಗಲ ಹಿಂದಿನ ಮುಖ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಆಳುವವರು ತಮ್ಮ ಪಟಗಳಿಂದ ಜನರ ಕಣ್ಣು ಕಟ್ಟುತ್ತಾರೆ ಎನ್ನುತ್ತೀರಿ. ಅದು ಕಣ್ಕಟ್ಟು ಎಂದು ತಿಳಿದವನು ಅದರಿಂದ ಪಾರಾದಂತೆಯೇ ಅಲ್ಲವೇ?"

ಗುರುಗಳು ಹೇಳತೊಡಗಿದರು.

ಒಬ್ಬ ಪ್ರಾಧ್ಯಾಪಕಿ ಇದ್ದಳು. ಸ್ಪ್ಯಾನಿಷ್ ಭಾಷೆ ಮತ್ತು ಆ ಭಾಷೆಯಾಡುವ ನಾಡುಗಳ ಚರಿತ್ರೆ ಅವಳ ವಿಷಯ. ಅಂಥದೊಂದು ನಾಡನ್ನು ಹಿಂದೆ ಒಬ್ಬ ಸೇನಾಪತಿ ಬಲವಂತದಿಂದ ಆಳಿದ್ದ. ಶಾಲೆ, ಅಂಗಡಿ, ಅಂಚೆಚೀಟಿ, ಎಲ್ಲೆಲ್ಲೂ ತನ್ನ ಪಟ ಹಾಕಿಸಿದ್ದ. ಆ ಪಟಗಳು ಜನರನ್ನು ಹೇಗೆ ಮರುಳು ಮಾಡಿದವು ಎಂದು ಅವಳು ಪುಸ್ತಕ ಬರೆಯುತ್ತಿದ್ದಳು. ಅವುಗಳಲ್ಲಿ ಒಂದರ ಮೇಲೆಯೇ ಹತ್ತು ವರ್ಷ ಕಳೆದಿದ್ದಳು. ಅದರಲ್ಲಿ ಸೇನಾಪತಿ ಹೊಸ ಸೇತುವೆಯ ಮುಂದೆ ನಿಂತಿದ್ದ. ಬೆಳಕು ಹಣೆಯ ಮೇಲೆ ಬೀಳುವಂತೆ ಅವನನ್ನು ಹೇಗೆ ನಿಲ್ಲಿಸಿದ್ದರು, ಗಿಡ್ಡಗಿದ್ದ ಅವನು ಎತ್ತರಕ್ಕೆ ಕಾಣಲೆಂದು ಕ್ಯಾಮೆರಾವನ್ನು ಎಷ್ಟು ಕೆಳಗಿಟ್ಟಿದ್ದರು, ಎಲ್ಲವೂ ಅವಳಿಗೆ ಬಾಯಿಪಾಠ.

ಬರಹ ಮುಗಿಯುವ ಹೊತ್ತಿಗೆ ಅವಳು ಆ ಸೇತುವೆಯ ಊರಿಗೆ ಹೋದಳು. ಬಟ್ಟೆ ಹೊಲಿದು ಬದುಕುತ್ತಿದ್ದ ಒಬ್ಬ ಮುದುಕಿಗೆ ಪಟ ತೋರಿಸಿ, "ಇವನನ್ನು ಕಂಡರೆ ಆಗ ನಿಮಗೆ ಏನನ್ನಿಸುತ್ತಿತ್ತು?" ಎಂದು ಕೇಳಿದಳು.

ಮುದುಕಿ ಪಟವನ್ನು ಕೈಗೆ ತೆಗೆದುಕೊಂಡಳು. ಸೇನಾಪತಿಯ ಹೆಗಲ ಹಿಂದೆ ಅರ್ಧ ಮರೆಯಾಗಿದ್ದ ಒಬ್ಬ ಕೂಲಿಯಾಳಿನ ಮುಖದ ಮೇಲೆ ಬೆರಳಿಟ್ಟಳು.

"ನನ್ನ ತಮ್ಮ. ಈ ಪಟ ತೆಗೆದ ವಾರವೇ ಸೈನಿಕರು ಹಿಡಿದುಕೊಂಡು ಹೋದರು, ತಿರುಗಿ ಬರಲಿಲ್ಲ. ಮನೆಯಲ್ಲಿ ಅವನದೊಂದೂ ಪಟ ಇಲ್ಲ. ಮುಖವೇ ಮರೆಯುತ್ತಾ ಬಂದಿತ್ತು, ಮಗಳೇ."

ಹತ್ತು ವರ್ಷ ನೋಡಿದ ಪಟದಲ್ಲಿ ಆ ಮುಖವನ್ನು ಪ್ರಾಧ್ಯಾಪಕಿ ಒಮ್ಮೆಯೂ ಕಂಡಿರಲಿಲ್ಲ. ಜನ ಎಲ್ಲಿ ನೋಡಲೆಂದು ಸೇನಾಪತಿ ಬಯಸಿದ್ದನೋ ಅವಳೂ ಅಲ್ಲಿಯೇ ನೋಡಿದ್ದಳು. ಪಟವನ್ನು ಮುದುಕಿಯ ಕೈಯಲ್ಲೇ ಬಿಟ್ಟಳು. ಅಚ್ಚಿಗೆ ಹೋಗಬೇಕಿದ್ದ ಪುಸ್ತಕವನ್ನು ನಿಲ್ಲಿಸಿದಳು. ಆ ಊರಲ್ಲೇ ಉಳಿದು, ಪಟದಲ್ಲಿದ್ದ ಕೂಲಿಯವರೆಲ್ಲ ಯಾರು ಯಾರೆಂದು ಮನೆಮನೆಗೆ ಹೋಗಿ ವಿಚಾರಿಸಿದಳು. ಪುಸ್ತಕ ಮೂರು ವರ್ಷ ತಡವಾಗಿ ಬಂತು. ಆ ಪಟದ ಕೆಳಗೆ ಒಂಬತ್ತು ಹೆಸರುಗಳಿದ್ದವು. ಇನ್ನಿಬ್ಬರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಆ ಸೇನಾಪತಿ ಆಮೇಲೆ ಏನಾದ, ಗುರುಗಳೇ?"

ಗುರುಗಳು ಹೇಳಿದರು: "ನೀನೂ ಆ ತಮ್ಮನ ಹೆಸರು ಕೇಳಲಿಲ್ಲ."