ಜೂಜಿನ ಬೇರು

ಓದಿದವರು ಈ ಕಥೆಯನ್ನು ಬೇರೆ ಥರ ಹೇಳುತ್ತಾರೆ. ಹೇಳಲಿ ಬಿಡಿ. ನಿಜ ಇರೋದು ನನ್ನ ಹತ್ತಿರ. ಮೊಸಳೆ ಬೆನ್ನೇರಿ ಹೊಳೆ ದಾಟುತ್ತಿದ್ದ ನಮ್ಮ ಮುತ್ತಜ್ಜ ಕಣ್ಣಾರೆ ಕಂಡದ್ದು ಇದು.

ಯಮನಪ್ಪ ಅಂತ ಒಬ್ಬ ಪಗಡೆಯಾಟಗಾರ. ಅವನು ದಾಳ ಉರುಳಿಸಿದರೆ ಆ ಸದ್ದಿಗೆ ಆಕಾಶದ ಹದ್ದು ಹಾರೋದು ಮರೆತು ನಿಲ್ಲುತ್ತಿತ್ತು. ಅಂಥವನೂ ಹೊಲ ಸೋತ, ಎತ್ತು ಸೋತ.

ಹೆಂಡತಿ ದ್ಯಾಮವ್ವ ಅಗಳಿ ಹಾಕಿಕೊಂಡು ಒಳಗಿಂದಲೇ ಹೇಳಿದಳು: "ಜೂಜು ಬಿಟ್ಟು ಬಾ. ಇಲ್ಲಾ, ಬರಬ್ಯಾಡ."

ಅವನು ನೆಟ್ಟಗೆ ಹೊಳೆದಂಡೆಯ ಆಶ್ರಮಕ್ಕೆ ಬಂದು ಕರಿಬಸಜ್ಜನ ಕಾಲಿಗೆ ಬಿದ್ದ.

"ಜೂಜು ಬಿಡಬೇಕ್ರೀ ಅಜ್ಜಾರ."

"ಬಿಡು."

"ಹಂಗಲ್ರೀ. ಬೇರು ಸಮೇತ ಕೀಳಬೇಕು. ಇದನ್ನ ಮೊದಲು ಹುಟ್ಟಿಸಿದವ ಯಾರು? ಅದನ್ನ ಹೇಳ್ರಿ."

ಅಜ್ಜ ಅವನನ್ನು ತಾರೆಮರದ ಕೆಳಗೆ ಕರೆದೊಯ್ದು ಒಂದು ಕಾಯಿ ಕೈಗಿಟ್ಟ.

"ಹಿಂದಕ ಕಾಡಿನಾಗ ಇದ್ದ ಮಂದಿ ಈ ಕಾಯಿ ಚೆಲ್ಲಿ ಆಡಿದರು."

"ಕೊಡ್ಲಿ ಕೊಡ್ರಿ, ಮರ ಕಡೀತೀನಿ."

"ಕಡದವರೂ ಇದ್ದರು. ಆಮ್ಯಾಲೆ ಕವಡಿ ಬಂತು."

"ಕವಡಿ ಎಲ್ಲಾ ಒಯ್ದು ಸಮುದ್ರಕ್ಕ ಒಗೀತೀನಿ."

"ಅದು ಬಂದದ್ದ ಅಲ್ಲಿಂದ, ಹುಚ್ಚಪ್ಪಾ! ಕವಡಿ ಸಾಲದಾದಾಗ ಆನಿ ದಂತದ ದಾಳ ಬಂದವು. ಒಬ್ಬ ರಾಜ ಸಿಟ್ಟಿಗೆದ್ದು, ದಾಳ ಹಿಡಿದವನ ಕೈ ಕಡೀತೀನಿ ಅಂತ ಡಂಗುರ ಹೊಡಿಸಿದ."

"ಆಗಾದ್ರೂ ಜೂಜು ನಿಂತಿರಬೇಕಲ್ರೀ?"

"ಮೊದಲು ಯಾರ ಕೈ ಹೋಗತದ ಅಂತ ಮಂದಿ ಪಣ ಕಟ್ಟಿದರು."

ಯಮನಪ್ಪನಿಗೆ ನಗು ಬಂತು, ನುಂಗಿಕೊಂಡ.

"ಕೋಳಿ ಕಾದಿದವು. ಇಸ್ಪೀಟು ಬಂತು. ಇಸ್ಪೀಟಿನ ಎಲಿ ಕಸಗೊಂಡರ ಮೋಡ ನೋಡಿ, ಇವತ್ತು ಮಳಿ ಬರತದೋ ಇಲ್ಲೋ ಅಂತ ಆಡಿದರು. ಈಗ ಹೇಳು, ಮೋಡಕ್ಕ ಯಾವ ಕೊಡ್ಲಿ ಹಾಕ್ತಿ?"

ಯಮನಪ್ಪ ಕಾಯಿಯನ್ನು ಹೊಳೆಗೆ ಎಸೆದ. "ಹಂಗಾದ್ರ ಬೇರಿನ ಸುದ್ದಿ ಬ್ಯಾಡ. ಅಮಾಸಿ ತನಕ ನಾ ದಾಳ ಮುಟ್ಟಂಗಿಲ್ಲ. ಅಂದ್ರ ಮುಟ್ಟಂಗಿಲ್ಲ!"

ಮುಟ್ಟಲಿಲ್ಲ. ಹಳೆಯ ಗೆಳೆಯರು ಆಚೆ ದಡದಲ್ಲಿ ಪಗಡೆ ಹಾಸು ಹಾಸಿ ಕೂತು ಕೂಗಿದರು: "ಏನಪಾ ಸನ್ಯಾಸಿ, ಅಂಗೈ ತುರಸ್ತದೇನು?" ಇವನು ತಿರುಗಿ ನೋಡಲಿಲ್ಲ. ಆ ಹಟದಲ್ಲಿ ಆಶ್ರಮದ ಗಿಡಗಳಿಗೆ ನೀರು ಹೊತ್ತ ನೋಡಿ, ತುಂಬಿದ ಹೊಳೆ ಮೊಣಕಾಲಿಗೆ ಇಳಿಯಿತು.

ಅಮಾವಾಸ್ಯೆಯ ಬೆಳಿಗ್ಗೆ ಕುಣಿಯುತ್ತ ಬಂದ. ಹೆಗಲ ಮೇಲೆ ಒಂದು ಕರಿಕಂಬಳಿ.

"ಗೆದ್ದೆ ಅಜ್ಜಾರ! ಒಂದ ಸಲಾನೂ ಮುಟ್ಟಲಿಲ್ಲ."

"ಕಂಬಳಿ ಯಾರದು?"

"ಇಲ್ಲಿ ಅಡಗಿ ಮಾಡೋ ಚನ್ನವೀರನದ್ರೀ. ನಾ ದಾಳ ಮುಟ್ಟಿದ್ರ ನನ್ನ ಬೆಳ್ಳಿ ಉಡದಾರ ಅವಗ, ಮುಟ್ಟಲಿಲ್ಲಂದ್ರ ಅವನ ಕಂಬಳಿ ನನಗ ಅಂತ..."

ಹೆಗಲ ಮೇಲಿನ ಕಂಬಳಿಯನ್ನು ಕೈಗೆ ಇಳಿಸಿಕೊಂಡ.

ಅಜ್ಜ ಬಾಗಿ ಅಂಗಳ ಗುಡಿಸತೊಡಗಿದ.

ಯಮನಪ್ಪ ಅಡುಗೆಮನೆಗೆ ಓಡಿ ಕಂಬಳಿಯನ್ನು ಚನ್ನವೀರನ ಹೆಗಲಿಗೆ ಹಾಕಿದ.

"ಯಾಕೋ, ನಿನಗ ಚಳಿ ಇಲ್ಲೇನು?"

"ಇಟ್ಕೋ ಮಾರಾಯಾ. ನಾ ಗೆದ್ದಿಲ್ಲ."

ಮತ್ತೆ ಕೊಡ ಎತ್ತಿಕೊಂಡ. ಈ ಸಲ ಆಣೆಯಿಲ್ಲ, ಪಣವಿಲ್ಲ, ಗಡುವಿಲ್ಲ. ಅಂಗೈ ತುರಿಸಿದಾಗ ಇನ್ನೊಂದು ಕೊಡ ನೀರು ತರುತ್ತಿದ್ದ, ಅಷ್ಟೇ. ಮುಂದಿನ ಅಮಾವಾಸ್ಯೆ ಬಂದು ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಒಂದು ಮುಂಜಾನೆ ಅಜ್ಜನ ಮುಂದೆ ಬಂದು ನಿಂತ.

"ಊರಿಗೆ ಹೋಗ್ತೀನ್ರೀ. ದ್ಯಾಮವ್ವ ಬಾಗಲಾ ತೆಗೀತಾಳೋ ಇಲ್ಲೋ, ನೀವೇನಂತೀರಿ?"

"ತೆಗೀಲಿಲ್ಲ ಅಂದ್ರ?"

"ಹಿತ್ತಲದಾಗ ಒಂದು ಎಮ್ಮಿ ಉಳಿದೈತ್ರೀ. ಅದಕ್ಕ ಹುಲ್ಲು ಹಾಕ್ತೀನಿ."

"ತೆಗೆದರ?"



"ತೆಗೆದರೂ ಎಮ್ಮಿಗೆ ಹುಲ್ಲು ಬೇಕಲ್ರೀ."

ಅಜ್ಜ ಸೂರಿನಲ್ಲಿ ಸಿಕ್ಕಿಸಿದ್ದ ಕುಡಗೋಲು ತೆಗೆದು ಅವನ ಕೈಗೆ ಕೊಟ್ಟ.

"ದಂಡಿಮ್ಯಾಲೆ ಹುಲ್ಲು ಚಲೋ ಬೆಳದದ. ಒಂದು ಹೊರಿ ಕೊಯ್ಕೊಂಡು ಹೋಗು."